ಸಂಗಾತಿಗೆ ಡಿಮೆನ್ಷಿಯಾ: ನೋಡಿಕೊಳ್ಳುವ ಗಂಡ ಹೆಂಡಿರು ಪದೇ ಪದೇ ಕೇಳುವ ಪ್ರಶ್ನೆಗಳು

ಅಪ್ಪ ಅಮ್ಮನನ್ನು ನೋಡಿಕೊಳ್ಳುವ ಮಕ್ಕಳ ಕಷ್ಟ ಒಂದು ಥರ, ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುವವರ ಕಷ್ಟ ಇನ್ನೊಂದು ಥರ. ಇಲ್ಲಿ ಹಾಸಿಗೆಯೂ ಒಂದೇ, ಬ್ಯಾಂಕ್ ಖಾತೆಯೂ ಒಂದೇ, ಹಳೆಯ ಜಗಳಗಳೂ ಇಬ್ಬರವೇ. ನಾನು ವೈದ್ಯೆಯಲ್ಲ, ಡಿಮೆನ್ಷಿಯಾ (ನೆನಪು, ಯೋಚನೆ, ನಡವಳಿಕೆಗಳನ್ನು ಮೆಲ್ಲಮೆಲ್ಲಗೆ ಕೆಡಿಸುವ ಮಿದುಳಿನ ಕಾಯಿಲೆ) ಇದ್ದ ನಮ್ಮನೆಯವರನ್ನು ನೋಡಿಕೊಂಡವಳು. ಇದೇ ದಾರಿಯಲ್ಲಿರುವವರು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಗೊತ್ತಿರುವ ಉತ್ತರಗಳನ್ನು ಬರೆದಿದ್ದೇನೆ. ಎಲ್ಲಿ 'ಗಂಡ' ಎಂದಿದೆಯೋ ಅಲ್ಲಿ 'ಹೆಂಡತಿ' ಎಂದು ಓದಿಕೊಂಡರೂ ಮಾತು ಬದಲಾಗುವುದಿಲ್ಲ.

ಇದು ವಯಸ್ಸಿನ ಮರೆವೋ, ಕಾಯಿಲೆಯೋ? ಹೇಗೆ ತಿಳಿಯುವುದು?

'ಅರವತ್ತಕ್ಕೆ ಅರಳು ಮರಳು' ಎಂದು ತಳ್ಳಿಹಾಕಿಯೇ ಎಷ್ಟೋ ಮನೆಗಳಲ್ಲಿ ಎರಡು ಮೂರು ವರ್ಷ ಕಳೆದುಹೋಗುತ್ತದೆ. ಹೆಸರು ನಾಲಿಗೆ ತುದಿಯಲ್ಲಿದ್ದು ಬಾರದೆ, ಸಂಜೆ ಹೊತ್ತಿಗೆ ನೆನಪಾದರೆ ಹೆದರಬೇಕಿಲ್ಲ. ಮೂವತ್ತು ವರ್ಷ ತಾನೇ ನೋಡಿಕೊಂಡ ಮನೆಯ ಲೆಕ್ಕ ಈಗ ಕೈಗೆ ಹತ್ತುತ್ತಿಲ್ಲ, ದಿನಾ ಮಾಡುವ ಅಡುಗೆಯಲ್ಲಿ ಯಾವುದು ಮೊದಲು ಯಾವುದು ಆಮೇಲೆ ಎಂಬುದೇ ತಪ್ಪುತ್ತಿದೆ, ಬೆಳಗ್ಗೆ ನಡೆದ ಮಾತುಕತೆ ನಡೆದೇ ಇಲ್ಲ ಎಂಬಂತಿದೆ ಅಂದರೆ ತೋರಿಸಲೇಬೇಕು.

ತೋರಿಸಲು ಇನ್ನೂ ದೊಡ್ಡ ಕಾರಣವಿದೆ. ಮರೆವು ತರುವ ಎಲ್ಲವೂ ಡಿಮೆನ್ಷಿಯಾ ಅಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ಕಡಿಮೆಯಾಗುವುದು, ಖಿನ್ನತೆ, ಕೆಲವು ನಿದ್ದೆ ಮಾತ್ರೆ ಮತ್ತು ಅಲರ್ಜಿ ಮಾತ್ರೆಗಳು, ಬಿದ್ದು ತಲೆಗೆ ಪೆಟ್ಟಾದ ವಾರಗಳ ಮೇಲೆ ಮಿದುಳಿನ ಹೊರಪದರದಲ್ಲಿ ನಿಲ್ಲುವ ರಕ್ತ, ಇವೆಲ್ಲ ಅದೇ ವೇಷದಲ್ಲಿ ಬರುತ್ತವೆ. ಇವಕ್ಕೆ ಚಿಕಿತ್ಸೆ ಇದೆ. ಕಾಲು ನೆಲಕ್ಕೆ ಅಂಟಿದಂತೆ ನಡಿಗೆ, ಮೂತ್ರ ತಡೆಯಲಾಗದಿರುವುದು, ಮರೆವು ಮೂರೂ ಸೇರಿ ಬಂದರೆ ಮಿದುಳಿನೊಳಗೆ ದ್ರವ ಹೆಚ್ಚಾಗಿರಬಹುದು. ಅದಕ್ಕೆ ಶಸ್ತ್ರಚಿಕಿತ್ಸೆಯೂ ಇದೆ.

ಯಾವ ಬಗೆಯ ಡಿಮೆನ್ಷಿಯಾ ಎಂದು ತಿಳಿದು ಆಗಬೇಕಾದದ್ದೇನು? ಹೇಗಿದ್ದರೂ ವಾಸಿಯಾಗುವುದಿಲ್ಲವಲ್ಲ?

ಆಗಬೇಕಾದದ್ದಿದೆ. ನೂರರಲ್ಲಿ 60ರಿಂದ 70 ಮಂದಿಗೆ ಇರುವುದು ಆಲ್ಝೈಮರ್ಸ್. ಅದರಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಹೊಸ ನೆನಪು. ಮಿದುಳಿನ ರಕ್ತನಾಳಗಳು ಕೆಟ್ಟು ಬರುವುದು ಹಲವು ಸಲ ಮೆಟ್ಟಿಲಿಳಿದಂತೆ ಇಳಿಯುತ್ತದೆ, ಒಂದಷ್ಟು ಕಾಲ ಹಾಗೇ ಇದ್ದು ಒಮ್ಮೆಲೇ ಕುಸಿಯುತ್ತದೆ. ಮುಂಭಾಗದ ಮಿದುಳಿಗೆ ಬರುವ ಬಗೆಯಲ್ಲಿ ನೆನಪು ಚೆನ್ನಾಗೇ ಇದ್ದು ಸ್ವಭಾವ ಮೊದಲು ಕೆಡುತ್ತದೆ. ಐವತ್ತರ ಆಸುಪಾಸಿನ, ಸಂಕೋಚದ ಮನುಷ್ಯ ಎಲ್ಲರೆದುರು ಒರಟಾಗಿ ಮಾತಾಡತೊಡಗಿದರೆ ಮನೆಯವರಿಗೆ ಅದು ಕಾಯಿಲೆ ಎಂದು ಹೊಳೆಯುವುದೇ ಇಲ್ಲ. 'ಬೇರೆ ಯಾರೋ ಇದ್ದಾರೆ', 'ನನ್ನ ಮೇಲೆ ಪ್ರೀತಿ ಹೋಯಿತು' ಎಂದುಕೊಂಡು ಸಂಸಾರ ಮುರಿದುಕೊಂಡವರೂ ಇದ್ದಾರೆ.

ಲೂಯಿ ಬಾಡಿ ಎಂಬ ಬಗೆಯನ್ನಂತೂ ಗುರುತಿಸಿಕೊಳ್ಳಲೇಬೇಕು. ಇಲ್ಲದ ಮಕ್ಕಳು ಕೋಣೆಯಲ್ಲಿ ಕಾಣಿಸುತ್ತಾರೆ, ನಿದ್ದೆಯಲ್ಲಿ ಕನಸಿನ ಜೊತೆ ಕೈಕಾಲು ಬೀಸುತ್ತಾರೆ, ಒಂದು ದಿನ ಚುರುಕು, ಮರುದಿನ ಮಂಕು. ಇಂಥವರಿಗೆ ಭ್ರಮೆ ತಗ್ಗಿಸಲೆಂದು ಕೊಡುವ ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳು ಜೀವಕ್ಕೇ ಅಪಾಯ ತರಬಹುದು. ಕಡತದ ಮೊದಲ ಪುಟದಲ್ಲೇ ಕಾಯಿಲೆಯ ಬಗೆ ಬರೆದಿಡಿ. ರಾತ್ರಿ ತುರ್ತು ಚಿಕಿತ್ಸೆಗೆ ಹೋದಾಗ ಅಲ್ಲಿರುವವರಿಗೆ ನಿಮ್ಮ ಮನೆಯ ಕಥೆ ಗೊತ್ತಿರುವುದಿಲ್ಲ.

'ನನಗೇನಾಗಿದೆ? ನೀನೇ ಹೋಗಿ ತೋರಿಸ್ಕೋ' ಅಂತಾರೆ. ವೈದ್ಯರ ಹತ್ತಿರ ಹೇಗೆ ಕರೆದೊಯ್ಯಲಿ?

ಅದು ಹಠವಲ್ಲ. ತನ್ನ ಕೊರತೆಯನ್ನು ತಾನೇ ಕಂಡುಕೊಳ್ಳುವ ಶಕ್ತಿ ಮಿದುಳಿನಿಂದಲೇ ಹೋಗಿರುತ್ತದೆ. ಸಾಕ್ಷಿ ಸಮೇತ ತೋರಿಸಿದಷ್ಟೂ ಸಿಟ್ಟು ಹೆಚ್ಚುತ್ತದೆ. 'ಬಿಪಿ ನೋಡಿಸಿ ತುಂಬಾ ದಿನ ಆಯ್ತು, ಇಬ್ಬರೂ ಹೋಗಿ ಬರೋಣ' ಅನ್ನಿ. ಏನೇನು ನಡೆಯುತ್ತಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮುಂಚೆಯೇ ವೈದ್ಯರಿಗೆ ತಲುಪಿಸಿ. ಅವರೆದುರು ಕೂತು 'ಇವರಿಗೆ ಅದು ಗೊತ್ತಾಗಲ್ಲ, ಇದು ಗೊತ್ತಾಗಲ್ಲ' ಎಂದು ಪಟ್ಟಿ ಓದಬೇಡಿ. ಆ ಅವಮಾನ ಮನಸ್ಸಿನಲ್ಲಿ ಉಳಿದುಬಿಡುತ್ತದೆ.

ಔಷಧಿ ಇದೆಯೇ?

ವಾಸಿ ಮಾಡುವ ಔಷಧಿ ಇಲ್ಲ. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್, ಮೆಮಂಟಿನ್ ಎಂಬ ಹಳೆಯ ಮಾತ್ರೆಗಳು ಕೆಲವರಿಗೆ ಒಂದಷ್ಟು ಕಾಲ ದಿನವನ್ನು ಹಗುರ ಮಾಡುತ್ತವೆ, ಕೆಲವರಿಗೆ ಏನೂ ಮಾಡುವುದಿಲ್ಲ. ಹಸಿವು ಹೋದರೆ, ಹೊಟ್ಟೆ ಕೆಟ್ಟರೆ, ನಾಡಿ ನಿಧಾನವಾಗಿ ತಲೆಸುತ್ತಿದರೆ ವೈದ್ಯರಿಗೆ ಹೇಳಬೇಕು. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮಾಬ್ ಮಿದುಳಿನಲ್ಲಿ ಕಟ್ಟಿಕೊಂಡ ಅಮಿಲಾಯ್ಡ್ ಪ್ರೋಟೀನನ್ನು ತೆಗೆಯುತ್ತದೆ. ಆದರೆ ಅದು ಆಲ್ಝೈಮರ್ಸ್‌ನ ಆರಂಭದ ಹಂತದವರಿಗೆ ಮಾತ್ರ, ಇಳಿಕೆಯನ್ನು ಸ್ವಲ್ಪ ನಿಧಾನ ಮಾಡುತ್ತದೆ ಅಷ್ಟೆ, ಮಿದುಳು ಊದುವ ಮತ್ತು ರಕ್ತ ಒಸರುವ ಅಪಾಯವಿರುವುದರಿಂದ ಮತ್ತೆ ಮತ್ತೆ ಎಂಆರ್‌ಐ ಬೇಕು. 'ನೆನಪಿನ ಶಕ್ತಿ ಮರಳಿ ಬರುತ್ತದೆ' ಎಂದು ಮಾರುವ ಪುಡಿ, ಎಣ್ಣೆಗಳಿಗೆ ದುಡ್ಡು ಸುರಿಯಬೇಡಿ. ಆ ದುಡ್ಡಿನಲ್ಲಿ ವಾರಕ್ಕೆ ಎರಡು ಮಧ್ಯಾಹ್ನ ಮನೆಗೆ ಸಹಾಯಕರನ್ನು ಇಟ್ಟುಕೊಳ್ಳಿ.

ಒಂದೇ ಪ್ರಶ್ನೆಯನ್ನು ಹತ್ತಾರು ಸಲ ಕೇಳುತ್ತಾರೆ. ತಾಳ್ಮೆ ಎಲ್ಲಿಂದ ತರಲಿ?

ತಾಳ್ಮೆಗಿಂತ ಮೊದಲು ಒಂದು ಅಭ್ಯಾಸ ಬಿಡಬೇಕು, ಅದು ಸಂಗಾತಿಗಳಿಗೇ ಹೆಚ್ಚು ಕಷ್ಟ. ಮದುವೆಯಾದ ದಿನದಿಂದ ಒಬ್ಬರನ್ನೊಬ್ಬರು ತಿದ್ದುತ್ತಲೇ ಬಂದಿರುತ್ತೇವೆ. 'ಅಲ್ಲ ಕಣೇ, ಅದು ಸೋಮವಾರ ಅಲ್ಲ, ಮಂಗಳವಾರ.' 'ರೀ, ಆಗಲೇ ಹೇಳಿದೆನಲ್ಲ!' ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ನಡೆಯುವುದು ಇಬ್ಬರೂ ಒಟ್ಟಿಗೆ ಮರೆತಾಗ. ಈಗ ಒಬ್ಬರು ತಟ್ಟೆ ಮುಂದೆ ಕೂರುವಷ್ಟರಲ್ಲೇ ಮರೆತಿರುತ್ತಾರೆ, ಇನ್ನೊಬ್ಬರು ಅದನ್ನು ಹೊದ್ದುಕೊಂಡು ಮಲಗುತ್ತಾರೆ. ನೀವು ಗೆದ್ದ ವಾದ ಅವರ ತಲೆಯಲ್ಲಿ ನಿಲ್ಲುವುದಿಲ್ಲ, ನಿಮ್ಮ ಮುಖದ ಸಿಡುಕು ಮಾತ್ರ ನಿಲ್ಲುತ್ತದೆ.

ಇದು ಬರೀ ಮಾತಲ್ಲ. 2014ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಆಲ್ಝೈಮರ್ಸ್ ಇರುವವರಿಗೆ ಅಳು ಬರಿಸುವ, ನಗು ಬರಿಸುವ ಚಿತ್ರತುಣುಕುಗಳನ್ನು ತೋರಿಸಿದರು. ನೋಡಿದ್ದೇನೆಂದು ಬೇಗನೆ ಮರೆತರೂ ಆ ದುಃಖ, ಆ ಸಂತೋಷ ಬಹಳ ಹೊತ್ತು ಉಳಿದಿತ್ತು. 'ಹೇಗೂ ಮರೀತಾರೆ, ಗದರಿದರೇನು' ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

'ಮಗಳು ಎಷ್ಟು ಹೊತ್ತಿಗೆ ಬರ್ತಾಳೆ?' ಎಂದು ನಮ್ಮನೆಯವರು ಮಧ್ಯಾಹ್ನವಿಡೀ ಕೇಳುತ್ತಿದ್ದರು. 'ಐದಕ್ಕೆ' ಎಂಬ ಉತ್ತರ ನಿಲ್ಲುತ್ತಿರಲಿಲ್ಲ. 'ಅವಳದ್ದೇ ಯೋಚನೆ ಅಲ್ವಾ ನಿಮಗೆ? ಚಿಕ್ಕವಳಿದ್ದಾಗ ನಿಮ್ಮ ಹೆಗಲಿಂದ ಇಳೀತಾನೇ ಇರಲಿಲ್ಲ' ಎಂದರೆ ಸ್ವಲ್ಪ ಹೊತ್ತು ಸಮಾಧಾನ. ಅವರಿಗೆ ಬೇಕಿದ್ದದ್ದು ಸಮಯವಲ್ಲ, ಅವಳು ಬರುತ್ತಾಳೆ ಎಂಬ ಭರವಸೆ. ಗೋಡೆಯ ಹಲಗೆ ಮೇಲೆ ದೊಡ್ಡ ಅಕ್ಷರದಲ್ಲಿ 'ಮಗಳು ಸಂಜೆ ಬರುತ್ತಾಳೆ' ಎಂದು ಬರೆದಿಡುವುದೂ ಓದಲು ಬರುವ ತನಕ ನೆರವಾಗುತ್ತದೆ. ಅದೂ ಸಾಲದಿದ್ದರೆ ಕೈಗೆ ಕೆಲಸ ಕೊಡಿ. ಒಗೆದ ಬಟ್ಟೆ ಮಡಚಲಿ. ಕೈಯ ನೆನಪು ತಲೆಯ ನೆನಪಿಗಿಂತ ಹೆಚ್ಚು ಕಾಲ ಬಾಳುತ್ತದೆ. ನೀವು ಎದ್ದು ಇನ್ನೊಂದು ಕೋಣೆಗೆ ಹೋಗಿ ಐದು ನಿಮಿಷ ಬಾಗಿಲು ಹಾಕಿಕೊಂಡರೂ ತಪ್ಪಿಲ್ಲ.

ತೀರಿಹೋದ ಅಮ್ಮನನ್ನು ಕೇಳುತ್ತಾರೆ. ನಿಜ ಹೇಳಲೇ, ಸುಳ್ಳು ಹೇಳಲೇ?

'ಅವರು ತೀರಿಕೊಂಡು ಇಪ್ಪತ್ತು ವರ್ಷ ಆಯ್ತಲ್ಲ' ಎಂದ ಪ್ರತಿ ಸಲವೂ ಅವರಿಗೆ ಅಮ್ಮ ಅಂದೇ ಸತ್ತಂತೆ. ಆ ಸುದ್ದಿಯನ್ನು ದಿನಾ ಕೊಡುವ ಹಕ್ಕು ನಮಗಿಲ್ಲ ಎಂಬುದು ನನ್ನ ಅಭಿಪ್ರಾಯ. ಹಾಗೆಂದು 'ಅಮ್ಮ ಈಗ ಬರ್ತಾರೆ' ಎಂದರೆ ಬಾಗಿಲು ಕಾಯುತ್ತಾ ಕೂರುತ್ತಾರೆ. ನಡುವೆ ದಾರಿಯಿದೆ: 'ಅಮ್ಮ ತುಂಬಾ ನೆನಪಾಗ್ತಿದ್ದಾರಾ? ನಿಮ್ಮ ಅಮ್ಮ ಹೇಗಿದ್ದರು, ಹೇಳಿ.' ಇದರಲ್ಲಿ ಸುಳ್ಳೂ ಇಲ್ಲ, ಪೆಟ್ಟೂ ಇಲ್ಲ. ಆರಂಭದ ಹಂತದಲ್ಲಿ ಮಾತ್ರ, ಅವರೇ ಕಣ್ಣಿಟ್ಟು 'ನಿಜ ಹೇಳು, ಅಮ್ಮ ಇಲ್ಲ ಅಲ್ವಾ?' ಎಂದು ಕೇಳಿದರೆ ನಿಜವನ್ನೇ ಹೇಳಿ, ಪಕ್ಕದಲ್ಲಿ ಕೂತಿರಿ.

ನಾನು ದುಡ್ಡು ಕದ್ದೆ, ನನಗೆ ಬೇರೆಯವರ ಸಂಬಂಧವಿದೆ ಅಂತಾರೆ. ಇಷ್ಟು ವರ್ಷದ ಸಂಸಾರಕ್ಕೆ ಇದೇನಾ ಬೆಲೆ?

ಪರ್ಸನ್ನು ದಿಂಬಿನ ಹೊದಿಕೆಯೊಳಗೆ ತಾವೇ ಬಚ್ಚಿಡುತ್ತಾರೆ, ಬಚ್ಚಿಟ್ಟದ್ದು ನೆನಪಿಲ್ಲ, ಪರ್ಸಂತೂ ಇಲ್ಲ. ಖಾಲಿ ಜಾಗವನ್ನು ಮಿದುಳು ಕಥೆ ಕಟ್ಟಿ ತುಂಬುತ್ತದೆ. ಕಥೆಯಲ್ಲಿ ಕಳ್ಳ ಬೇಕು, ಸದಾ ಹತ್ತಿರ ಇರುವವರು ನೀವೇ. ಸಂಬಂಧದ ಆರೋಪದ ಹಿಂದೆ ಬಹಳ ಸಲ ಇರುವುದು 'ನೀನು ನನ್ನನ್ನು ಬಿಟ್ಟು ಹೋಗ್ತೀಯಾ' ಎಂಬ ದಿಗಿಲು. ಆಣೆ ಪ್ರಮಾಣ ಬೇಡ. 'ಪರ್ಸ್ ಕಾಣ್ತಿಲ್ವಾ? ಬನ್ನಿ, ಇಬ್ಬರೂ ಹುಡುಕೋಣ' ಸಾಕು. ಬಚ್ಚಿಡುವ ಜಾಗಗಳು ಸಾಮಾನ್ಯವಾಗಿ ಮೂರು ನಾಲ್ಕೇ, ಅವನ್ನು ತಿಳಿದುಕೊಳ್ಳಿ. ಕಸದ ಬುಟ್ಟಿ ಖಾಲಿ ಮಾಡುವ ಮುಂಚೆ ಒಮ್ಮೆ ಕೈಯಾಡಿಸಿ.

ಹಾಗೇ ಇನ್ನೊಂದು. ಆಸ್ತಿ, ಒಡವೆ ವಿಷಯದ ಪ್ರತಿ ಆರೋಪವೂ ಭ್ರಮೆಯೇ ಆಗಿರಬೇಕೆಂದಿಲ್ಲ. ಇಂಥವರನ್ನು ನಿಜಕ್ಕೂ ದೋಚುವವರಿದ್ದಾರೆ. ಒಮ್ಮೆ ಪರಿಶೀಲಿಸಿ ಆಮೇಲೆ ಭ್ರಮೆ ಅನ್ನಿ.

ನನ್ನನ್ನೇ 'ನೀವು ಯಾರು?' ಅಂತ ಕೇಳಿದರು. ಎದೆ ಒಡೆದಂತಾಯಿತು.

ಆಗಲೇಬೇಕು. ಆದರೆ ಅವರ ತಲೆಯೊಳಗಿನ ಕಾಲ ಹಿಂದೆ ಸರಿದಿರುತ್ತದೆ. ಅಲ್ಲಿ ನಿಮಗೆ ಇಪ್ಪತ್ತೈದು ವಯಸ್ಸು, ಎದುರಿಗೆ ನಿಂತಿರುವವರಿಗೆ ಬಿಳಿ ಕೂದಲು. ಹೊಂದಿಕೆಯಾಗುವುದಿಲ್ಲ. 'ನೀನು ಥೇಟ್ ನನ್ನ ಹೆಂಡತಿ ಥರ ಇದೀಯ, ಆದರೆ ಅವಳಲ್ಲ' ಅನ್ನುವವರೂ ಇದ್ದಾರೆ. ಕಣ್ಣು ಒಪ್ಪದಿದ್ದಾಗ ಕಿವಿ ಒಪ್ಪುವುದುಂಟು. ಹೊರಗೆ ಹೋಗಿ, ಕಾಣಿಸದೆ, ಎಂದಿನ ಧ್ವನಿಯಲ್ಲಿ 'ರೀ, ಎಲ್ಲಿದ್ದೀರಾ?' ಎಂದು ಕೂಗುತ್ತಾ ಒಳಗೆ ಬನ್ನಿ. ಹೆಸರು ತಿಳಿಯದಿದ್ದರೂ 'ಇವರು ನಮ್ಮವರು' ಎಂಬ ನೆಮ್ಮದಿ ಬಹಳ ಕಾಲ ಉಳಿಯುತ್ತದೆ. 'ನಾನ್ಯಾರು ಹೇಳಿ ನೋಡೋಣ?' ಎಂದು ಪರೀಕ್ಷೆ ಇಡುವ ನೆಂಟರನ್ನು ಮುಲಾಜಿಲ್ಲದೆ ತಡೆಯಿರಿ.

ಸಂಜೆಯಾದರೆ ನಮ್ಮ ಮನೆಯಲ್ಲೇ ಕೂತು 'ಮನೆಗೆ ಹೋಗೋಣ' ಅಂತಾರೆ.

ಬೆಳಕು ಇಳಿಯುವಾಗ ತಳಮಳ ಏರುವುದು ಬಹಳ ಮಂದಿಯಲ್ಲಿ ಕಾಣುತ್ತದೆ. ದಿನದ ದಣಿವು, ನೆರಳುಗಳ ಗೊಂದಲ, ಕೆಟ್ಟುಹೋದ ನಿದ್ದೆಯ ಗಡಿಯಾರ ಎಲ್ಲ ಸೇರಿರುತ್ತದೆ. ಕತ್ತಲಾಗುವ ಮುಂಚೆಯೇ ದೀಪ ಹಾಕಿ, ಪರದೆ ಎಳೆಯಿರಿ, ಟಿವಿ ಆರಿಸಿ. ಹಗಲು ನಿದ್ದೆ ಚಿಕ್ಕದಿರಲಿ, ಬೆಳಗ್ಗೆ ಬಿಸಿಲಲ್ಲಿ ನಡೆಸಿ. 'ಇದೇ ಮನೆ' ಎಂದು ಪತ್ರ ತೋರಿಸಿ ಪ್ರಯೋಜನವಿಲ್ಲ. ಚಪ್ಪಲಿ ಹಾಕಿಕೊಂಡು ಇಬ್ಬರೂ ಹೊರಗೆ ಒಂದು ಸುತ್ತು ಬಂದರೆ ಎಷ್ಟೋ ಸಲ 'ಅಬ್ಬ, ಮನೆ ಬಂತು' ಎಂದು ತಾವೇ ಒಳಗೆ ಬರುತ್ತಾರೆ.

ಕನ್ನಡಿಯಲ್ಲಿ 'ಯಾರೋ ಮುದುಕ ಇದ್ದಾನೆ' ಎಂದು ಬೆಚ್ಚಿದರೆ ಕನ್ನಡಿಗೆ ಬಟ್ಟೆ ಹಾಕಿ. ಕಪ್ಪು ಕಾಲೊರಸು ಅವರ ಕಣ್ಣಿಗೆ ಹಳ್ಳದಂತೆ ಕಾಣಬಹುದು, ಅದನ್ನು ತೆಗೆಯಿರಿ.

ಸ್ನಾನ ಅಂದರೆ ಯುದ್ಧ.

ದಿನಾ ಸ್ನಾನವಾಗಲೇಬೇಕೆಂಬ ನಿಯಮವನ್ನು ಮೊದಲು ಬಿಡಿ. ವಾರಕ್ಕೆ ಎರಡು ಮೂರು ಸಲ ಸಾಕು, ಉಳಿದ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಯುದ್ಧದ ಕಾರಣಗಳು ಸಣ್ಣವು: ಚಳಿ, ತಲೆ ಮೇಲೆ ಬೀಳುವ ನೀರಿನ ಸದ್ದು, ಜಾರುವ ಭಯ, ಬೆತ್ತಲೆಯಾಗುವ ನಾಚಿಕೆ. ಕೋಣೆ ಬೆಚ್ಚಗಿರಲಿ, ಕೂರಲು ಸ್ಟೂಲ್ ಇರಲಿ, ನೀರು ಪಾದದಿಂದ ಶುರುವಾಗಲಿ, ತಲೆ ಕೊನೆಗೆ. ಭುಜದ ಮೇಲೆ ಟವೆಲ್ ಹೊದಿಸಿ ಅದರಡಿಯಲ್ಲೇ ತೊಳೆಯಬಹುದು. ಸೋಪನ್ನು ಅವರ ಕೈಗೇ ಕೊಡಿ. 'ಸ್ನಾನ ಮಾಡ್ತೀರಾ?' ಎಂದು ಕೇಳಿದರೆ ಉತ್ತರ 'ಬೇಡ'. 'ನೀರು ಬಿಸಿಯಾಗಿದೆ, ಬನ್ನಿ' ಎಂದರೆ ಎದ್ದಾರು.

ಊಟ ಬಿಡುತ್ತಿದ್ದಾರೆ, ನುಂಗುವಾಗ ಕೆಮ್ಮುತ್ತಾರೆ.

ತಟ್ಟೆಯ ಬಣ್ಣ ಊಟದ ಬಣ್ಣಕ್ಕಿಂತ ಬೇರೆಯಿರಲಿ. ಬಿಳಿ ತಟ್ಟೆಯಲ್ಲಿ ಬಿಳಿ ಪದಾರ್ಥ ಅವರಿಗೆ ಕಾಣುವುದೇ ಇಲ್ಲ. ಒಂದು ಸಲಕ್ಕೆ ಒಂದೇ ಪದಾರ್ಥ ಬಡಿಸಿ. ನೀವೂ ಎದುರು ಕೂತು ತಿನ್ನಿ, ನೋಡಿ ತಿನ್ನುತ್ತಾರೆ. ಹಲ್ಲುನೋವು, ಬಾಯಿಹುಣ್ಣು ಇದೆಯೇ ನೋಡಿ, ಅವರು ಹೇಳಲಾರರು.

ಕೆಮ್ಮು, ಗಂಟಲಲ್ಲಿ ಗೊರಗೊರ, ತುತ್ತು ಬಾಯಲ್ಲೇ ಇಟ್ಟುಕೊಳ್ಳುವುದು ಶುರುವಾದರೆ ನುಂಗುವಿಕೆ ಪರೀಕ್ಷಿಸುವ ತಜ್ಞರಿಗೆ ತೋರಿಸಿ. ಮಲಗಿಸಿ ತಿನ್ನಿಸಬೇಡಿ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ, ಊಟವಾದ ಮೇಲೂ ಅರ್ಧ ಗಂಟೆ ಕೂತೇ ಇರಲಿ. ತೀರಾ ಕೊನೆಯ ಹಂತದಲ್ಲಿ ಹೊಟ್ಟೆಗೆ ನಳಿಕೆ ಹಾಕಿಸುವ ಮಾತು ಬರುತ್ತದೆ. ಅದು ಆಯಸ್ಸು ಹೆಚ್ಚಿಸುತ್ತದೆ, ನ್ಯುಮೋನಿಯಾ ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆದ್ದರಿಂದಲೇ ವೃದ್ಧರ ಚಿಕಿತ್ಸಾ ತಜ್ಞರು ಕೈಯಿಂದ, ನಿಧಾನವಾಗಿ, ಅವರು ಒಪ್ಪಿದಷ್ಟು ತಿನ್ನಿಸಿ ಎನ್ನುತ್ತಾರೆ. 'ಹಸಿವಿನಿಂದ ಸಾಯಿಸಿದಿರಿ' ಎಂದು ಯಾರಾದರೂ ಅಂದರೆ ವೈದ್ಯರೆದುರು ಕೂರಿಸಿ ಮಾತಾಡಿಸಿ.

ಬಟ್ಟೆಯಲ್ಲೇ ಮೂತ್ರ ಮಾಡಿಕೊಳ್ಳುತ್ತಾರೆ.

ಎಷ್ಟೋ ಸಲ ಸಮಸ್ಯೆ ಮೂತ್ರಕೋಶದ್ದಲ್ಲ, ಬಾಗಿಲು ಯಾವುದೆಂದು ತಿಳಿಯದಿರುವುದು. ಶೌಚಾಲಯದ ಬಾಗಿಲು ತೆರೆದಿಡಿ, ರಾತ್ರಿಯೂ ದೀಪವಿರಲಿ, ಎರಡು ಗಂಟೆಗೊಮ್ಮೆ ನೀವೇ ಕರೆದೊಯ್ಯಿರಿ. ಗುಂಡಿ, ಜಿಪ್ ಬದಲು ಎಲಾಸ್ಟಿಕ್ ಇರುವ ಬಟ್ಟೆ ಹಾಕಿಸಿ. ಹೊಸದಾಗಿ ಶುರುವಾದದ್ದಾದರೆ ಸೋಂಕು ಇದೆಯೇ ಪರೀಕ್ಷಿಸಿ.

ನಿನ್ನೆ ಚೆನ್ನಾಗಿದ್ದರು, ಇವತ್ತು ಪೂರ್ತಿ ಗೊಂದಲ. ಕಾಯಿಲೆ ಹೆಚ್ಚಾಯಿತೇ?

ಡಿಮೆನ್ಷಿಯಾ ಒಂದು ರಾತ್ರಿಯಲ್ಲಿ ಹೀಗೆ ಏರುವುದು ಅಪರೂಪ. ಗಂಟೆಗಳಲ್ಲೋ ಎರಡು ದಿನಗಳಲ್ಲೋ ಹದಗೆಟ್ಟರೆ ಬೇರೇನೋ ನಡೆದಿದೆ: ಮೂತ್ರದ ಸೋಂಕು, ನ್ಯುಮೋನಿಯಾ, ನೀರಿನಂಶ ಕಡಿಮೆ, ಮಲಬದ್ಧತೆ, ಹೊಸ ಮಾತ್ರೆ, ಬಿದ್ದದ್ದು, ಪಾರ್ಶ್ವವಾಯು. ಅಂದೇ ಆಸ್ಪತ್ರೆಗೆ ಹೋಗಿ. 'ಇವರು ಮೊದಲಿಂದ ಹೀಗಲ್ಲ, ನಿನ್ನೆಯಿಂದ ಹೀಗೆ' ಎಂಬ ಒಂದು ವಾಕ್ಯವನ್ನು ಒತ್ತಿ ಹೇಳಿ. ಮಿಕ್ಕೆಲ್ಲರೂ 'ಡಿಮೆನ್ಷಿಯಾ ಅಲ್ವಾ' ಎಂದು ಸುಮ್ಮನಾಗುವ ಸಾಧ್ಯತೆ ಇದೆ.

ಸಿಟ್ಟಿನಲ್ಲಿ ಹೊಡೆಯುತ್ತಾರೆ. ಒಮ್ಮೊಮ್ಮೆ ನನಗೂ ಕೈ ಎತ್ತುವಷ್ಟು ಕೋಪ ಬರುತ್ತದೆ.

ಅವರ ಕೈ ಎದ್ದಾಗ ಹಿಡಿಯಬೇಡಿ, ಒಂದು ಹೆಜ್ಜೆ ಹಿಂದೆ ಸರಿಯಿರಿ, ಧ್ವನಿ ತಗ್ಗಿಸಿ, ಬಾಗಿಲ ಕಡೆಯ ಜಾಗ ನಿಮ್ಮದಾಗಿರಲಿ. ಆಮೇಲೆ ಕಾರಣ ಹುಡುಕಿ. ಬಹಳ ಸಲ ಅದು ನೋವು. ಶಾಂತಗೊಳಿಸುವ ಮನೋರೋಗದ ಮಾತ್ರೆಗಳನ್ನು ಬೇರೆಲ್ಲ ಮಾಡಿ ನೋಡಿದ ಮೇಲೆ, ಕಡಿಮೆ ಪ್ರಮಾಣದಲ್ಲಿ, ಕೆಲಕಾಲ ಮಾತ್ರ ಬಳಸಬೇಕು. ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಇವು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ.

ನಿಮಗೆ ಕೈ ಎತ್ತುವಷ್ಟು ಕೋಪ ಬಂದರೆ ನೀವು ಕೆಟ್ಟವರೆಂದಲ್ಲ, ಒಬ್ಬರೇ ಮಾಡುವ ಕೆಲಸದ ಮಿತಿ ದಾಟಿದೆ ಎಂದು. ಅವರನ್ನು ಸುರಕ್ಷಿತವಾಗಿ ಕೂರಿಸಿ ಹೊರಗೆ ಬನ್ನಿ, ಯಾರಿಗಾದರೂ ಫೋನ್ ಮಾಡಿ, ಆ ವಾರವೇ ಸಹಾಯದ ವ್ಯವಸ್ಥೆ ಮಾಡಿ.

ಗಾಡಿ ಓಡಿಸುವುದು, ಹೊರಗೆ ಹೋಗಿ ದಾರಿ ತಪ್ಪುವುದು?

ಗಾಡಿಯ ವಿಷಯದಲ್ಲಿ ನೀವು ಖಳನಾಯಕರಾಗಬೇಡಿ, 'ಓಡಿಸಬಾರದು' ಎಂದು ವೈದ್ಯರಿಂದ ಬರೆಸಿ. ದಾರಿ ತಪ್ಪುವ ಭಯಕ್ಕೆ ಹೆಸರು, ಫೋನ್ ನಂಬರ್ ಇರುವ ಕೈಬಳೆ, ಬಾಗಿಲಿಗೆ ಸದ್ದು ಮಾಡುವ ಗಂಟೆ, ನಿಮ್ಮ ಮೊಬೈಲ್‌ನಲ್ಲಿ ಅವರ ಇತ್ತೀಚಿನ ಫೋಟೋ. ಅಕ್ಕಪಕ್ಕದವರಿಗೆ ವಿಷಯ ತಿಳಿಸಿ. ಮುಚ್ಚಿಟ್ಟವರ ಮನೆಯವರನ್ನು ಹುಡುಕುವುದು ಕಷ್ಟ. ಅವರೊಬ್ಬರನ್ನೇ ಒಳಗಿಟ್ಟು ಹೊರಗಿನಿಂದ ಬೀಗ ಹಾಕಿಹೋಗಬೇಡಿ, ಬೆಂಕಿ ಬಿದ್ದರೆ ಗತಿಯಿಲ್ಲ.

ಹಣ, ಸಹಿ, ಉಯಿಲು?

ಅವರಿಗೆ ತಿಳಿಯುವಾಗಲೇ, ಅವರನ್ನು ಕೂರಿಸಿಕೊಂಡೇ ಮಾಡಿ. ಕೆಲವು ದೇಶಗಳಲ್ಲಿ ಸಾಮಾನ್ಯ ಅಧಿಕಾರ ಪತ್ರ ಕೊಟ್ಟವರ ಬುದ್ಧಿಶಕ್ತಿ ಹೋದೊಡನೆ ಅದೂ ಬಿದ್ದುಹೋಗುತ್ತದೆ. ಆದ್ದರಿಂದ 'ಪವರ್ ಆಫ್ ಅಟಾರ್ನಿ ಇದೆಯಲ್ಲ' ಎಂದು ನಿಶ್ಚಿಂತರಾಗಬೇಡಿ, ವಕೀಲರನ್ನು ಕೇಳಿ. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನೂ ಆಗಲೇ ಕೇಳಿ ಬರೆದಿಡಿ. ಆ ಮಾತು ಎತ್ತುವುದು ಕಷ್ಟ, ಆಮೇಲೆ ಊಹಿಸುವುದು ಇನ್ನೂ ಕಷ್ಟ.

ಯಾರ ಹತ್ತಿರವೂ ಕೇಳಲಾಗದ ಪ್ರಶ್ನೆ: ನಮ್ಮ ದಾಂಪತ್ಯದ ಕಥೆಯೇನು?

ಬೆಳಗ್ಗೆ ಡೈಪರ್ ಬದಲಿಸಿದ ಕೈಗೆ ರಾತ್ರಿ ಬಯಕೆ ಹುಟ್ಟದಿದ್ದರೆ ಅದರಲ್ಲಿ ಪಾಪವಿಲ್ಲ. ಕೆಲವರಲ್ಲಿ ಕಾಯಿಲೆಯವರ ಆಸಕ್ತಿ ಹೋಗುತ್ತದೆ, ಕೆಲವರಲ್ಲಿ ಲಗಾಮಿಲ್ಲದೆ ಹೆಚ್ಚುತ್ತದೆ. ನಿಮಗೆ ಇಷ್ಟವಿಲ್ಲದಿದ್ದರೆ ಬೇಡ ಅನ್ನುವ ಹಕ್ಕು ನಿಮ್ಮದು, ಅವರಿಗೆ ನೀವು ಯಾರೆಂದೇ ತಿಳಿಯದೆ ಮೈ ಬಿಗಿಹಿಡಿದರೆ ಅದನ್ನು 'ಬೇಡ' ಎಂದೇ ತಿಳಿಯಬೇಕು. ಬೇರೆ ಹಾಸಿಗೆಯಲ್ಲಿ ಮಲಗಿ ನಿದ್ದೆ ಮಾಡಿದರೆ ಸಂಬಂಧ ಕಡಿಯುವುದಿಲ್ಲ. ಕೈ ಹಿಡಿದು ಕೂರುವುದು, ತಲೆ ಬಾಚುವುದು, ಇಬ್ಬರಿಗೂ ಗೊತ್ತಿರುವ ಹಾಡು ಗುನುಗುವುದು ಕೊನೆತನಕ ಉಳಿಯುತ್ತವೆ.

ಅಮೆರಿಕದ ಸುಪ್ರೀಂ ಕೋರ್ಟ್‌ನ ಮೊದಲ ಮಹಿಳಾ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ 2006ರಲ್ಲಿ ಹುದ್ದೆ ಬಿಟ್ಟದ್ದಕ್ಕೆ ಗಂಡನ ಆಲ್ಝೈಮರ್ಸ್ ದೊಡ್ಡ ಕಾರಣ. ಮುಂದೆ ಆರೈಕೆ ಕೇಂದ್ರದಲ್ಲಿ ಆತ ಅಲ್ಲಿಯೇ ಇದ್ದ ಇನ್ನೊಬ್ಬಾಕೆಯನ್ನು ಹಚ್ಚಿಕೊಂಡರು. ಗಂಡ ನೆಮ್ಮದಿಯಾಗಿದ್ದಾರಲ್ಲ ಎಂದು ಆಕೆಗೆ ಸಮಾಧಾನವೇ ಆಯಿತು ಎಂದು 2007ರಲ್ಲಿ ಮಗ ಬಹಿರಂಗವಾಗಿ ಹೇಳಿದರು. ಎಲ್ಲರಿಗೂ ಅಷ್ಟು ದೊಡ್ಡ ಮನಸ್ಸು ಬರಬೇಕೆಂದೇನಿಲ್ಲ, ನನಗಂತೂ ಬರುತ್ತಿತ್ತೋ ಇಲ್ಲವೋ.

ಅವರು ಬದುಕಿರುವಾಗಲೇ ಅಳು ಬರುತ್ತದೆ. ಒಮ್ಮೊಮ್ಮೆ ಇದೆಲ್ಲ ಬೇಗ ಮುಗಿಯಲಿ ಅನಿಸುತ್ತದೆ.

ಕಣ್ಣೆದುರು ಇದ್ದೂ ಇಲ್ಲದಂತಾಗುವ ಈ ದುಃಖವನ್ನು ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ 1970ರ ದಶಕದಿಂದಲೂ ಗುರುತಿಸುತ್ತಾ ಬಂದಿದ್ದಾರೆ. ಸಾವಿನ ಮನೆಗೆ ಜನ ಬರುತ್ತಾರೆ, ಈ ದುಃಖಕ್ಕೆ ಯಾರೂ ಬರುವುದಿಲ್ಲ. ಮುಗಿಯಲಿ ಅನಿಸುವುದು ಅವರು ಸಾಯಲಿ ಎಂಬ ಆಸೆಯಲ್ಲ, ಈ ಪಾಡು ಮುಗಿಯಲಿ ಎಂಬ ಸುಸ್ತು. ಎರಡು ವಾರಕ್ಕಿಂತ ಹೆಚ್ಚು ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಸಾಯುವ ಯೋಚನೆ ಬರುತ್ತಿದೆ ಎಂದಾದರೆ ಅದು ಖಿನ್ನತೆ. ನಿಮಗೂ ಚಿಕಿತ್ಸೆ ಬೇಕು. ಅವರ ತಪಾಸಣೆಗೆ ಹೋಗಿ ಹೋಗಿ ನಿಮ್ಮ ಬಿಪಿ ನೋಡಿಸುವುದನ್ನೇ ಬಿಟ್ಟಿಲ್ಲ ತಾನೆ?

ಮಕ್ಕಳಿಗೂ ಬರುತ್ತದೆಯೇ?

ವಯಸ್ಸಾದ ಮೇಲೆ ಬರುವ ಸಾಮಾನ್ಯ ಬಗೆ ನೇರವಾಗಿ ಇಳಿದು ಬರುವುದಿಲ್ಲ, ಅಪಾಯ ಸ್ವಲ್ಪ ಹೆಚ್ಚು ಅಷ್ಟೆ. ನೇರವಾಗಿ ಬರುವ ವಂಶವಾಹಿಗಳು ಅಪರೂಪ, ಅವು ಬಹುತೇಕ 65 ದಾಟುವ ಮುಂಚೆಯೇ ಕಾಣಿಸಿಕೊಳ್ಳುತ್ತವೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ 2024ರ ತಜ್ಞರ ಆಯೋಗದ ಪ್ರಕಾರ ಬಿಪಿ, ಮಧುಮೇಹ, ಧೂಮಪಾನ, ಕಿವುಡು, ಖಿನ್ನತೆ ಸೇರಿದಂತೆ 14 ಅಂಶಗಳನ್ನು ನಿಭಾಯಿಸಿದರೆ ಸುಮಾರು 45% ಪ್ರಕರಣಗಳನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಿದೆ.

ಆರೈಕೆ ಕೇಂದ್ರಕ್ಕೆ ಸೇರಿಸಿದರೆ ಕೈಬಿಟ್ಟಂತೆ ಅಲ್ಲವೇ?

ನೀವು ಎತ್ತಲಾರದೆ ಇಬ್ಬರೂ ಬೀಳುತ್ತಿದ್ದರೆ, ರಾತ್ರಿಗಳು ನಿದ್ದೆಯಿಲ್ಲದೆ ಕಳೆಯುತ್ತಿದ್ದರೆ ಕೇಂದ್ರ ಸರಿಯಾದ ದಾರಿ. 'ಎಂದಿಗೂ ಬೇರೆಡೆ ಬಿಡಲ್ಲ' ಎಂದು ಮಾತು ಕೊಟ್ಟಾಗ ಈ ಕಾಯಿಲೆ ಇರಲಿಲ್ಲ. ಸೇರಿಸುವ ಮುಂಚೆ ಊಟದ ಹೊತ್ತಿಗೆ ಹೇಳದೆ ಹೋಗಿ ನೋಡಿ. ಸಿಬ್ಬಂದಿ ಕೂತು ತಿನ್ನಿಸುತ್ತಾರೋ, ನಿಂತು ತುರುಕುತ್ತಾರೋ ಅಲ್ಲಿಯೇ ತಿಳಿಯುತ್ತದೆ.

ನೆಂಟರು ಬಂದಾಗ ಲಕ್ಷಣವಾಗಿ ಮಾತಾಡುತ್ತಾರೆ. 'ಚೆನ್ನಾಗೇ ಇದ್ದಾರಲ್ಲ, ನೀನೇ ದೊಡ್ಡದು ಮಾಡ್ತೀಯ' ಅಂತಾರೆ.

ಹೊರಗಿನವರೆದುರು ಒಂದು ಗಂಟೆ ಇದ್ದಬದ್ದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ನಿಭಾಯಿಸುತ್ತಾರೆ, ಆಮೇಲೆ ಎರಡು ದಿನ ಸುಸ್ತು, ಸಿಡುಕು. ವಿವರಿಸಲು ಹೋಗಬೇಡಿ. ಹಾಗೆ ಅಂದವರನ್ನೇ 'ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆವರೆಗೆ ನೀವಿರಿ, ನಾನು ಅಕ್ಕನ ಮನೆಗೆ ಹೋಗಿ ಬರುತ್ತೇನೆ' ಎಂದು ಕೇಳಿ. ಮಾತ್ರೆಗಳ ಪಟ್ಟಿ ಬರೆದುಕೊಟ್ಟು, ನಿಜಕ್ಕೂ ಹೊರಡಿ.